ಬಾಳೆಹಣ್ಣಿನ ಪೆಟ್ಟಿಗೆಯಲ್ಲಿ ಕಡಲಾಮೆ: ಪ್ರಾಣಿಗಳನ್ನು ಹೊತ್ತು ಹಾರುವ ಸ್ವಯಂಸೇವಕ ಪೈಲಟ್‌ಗಳ ಬಗ್ಗೆ

ಶರಾವತಿ ದಡ:

ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರದವಳು. ಹನ್ನೊಂದು ವರ್ಷದಿಂದ ಬಾಸ್ಟನ್ ಹತ್ತಿರ ಇದ್ದೇನೆ. ಮೊನ್ನೆ ಶನಿವಾರ ಕಂಡದ್ದನ್ನು ಕನ್ನಡದಲ್ಲಿ ಯಾರಿಗಾದರೂ ಹೇಳದೆ ಸಮಾಧಾನ ಆಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಳಗ್ಗೆ ಆರೂವರೆ. ಮಾರ್ಷ್‌ಫೀಲ್ಡ್ ಅಂತ ಒಂದು ಸಣ್ಣ ಊರು, ಅಲ್ಲೊಂದು ಸಣ್ಣ ವಿಮಾನ ನಿಲ್ದಾಣ. ಹೊರಗೆ ಮೈನಸ್ ನಾಲ್ಕು ಡಿಗ್ರಿ. ಒಂದೇ ಎಂಜಿನ್ನಿನ ಪಿಲಾಟಸ್ ವಿಮಾನ ನಿಂತಿತ್ತು, ಹಿಂದಿನ ಸೀಟುಗಳನ್ನೆಲ್ಲ ಬಿಚ್ಚಿ ತೆಗೆದಿದ್ದರು. ಒಳಗೆ ಹೀಟರ್ ಹಾಕಿ ಬೆಚ್ಚಗೆ ಮಾಡಿಟ್ಟಿದ್ದರು. ಪಕ್ಕದಲ್ಲಿ ವ್ಯಾನ್, ವ್ಯಾನಿನ ತುಂಬ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳು. ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಕಡಲಾಮೆ, ಅಡಿಗೆ ಮಡಚಿದ ಟವೆಲ್. ಒಟ್ಟು ಮೂವತ್ತನಾಲ್ಕು. ನಾವು ಎಂಟು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ, ಆಮೆಗೆ ಗಾಬರಿ ಆಗುತ್ತದೆ. ನನ್ನ ಕೈಗೆ ಬಂದ ಒಂದು ಪೆಟ್ಟಿಗೆಯೊಳಗೆ ಈಜುಗಾಲಿನಿಂದ ರಟ್ಟು ಕೆರೆಯುವ ಸದ್ದು, ಸರ್ ಸರ್ ಅಂತ. ಪೆಟ್ಟಿಗೆಯ ತೂತಿನಿಂದ ನೋಡಿದೆ. ಊಟದ ತಟ್ಟೆಯಷ್ಟು ಅಗಲದ ಚಿಪ್ಪು, ಅದರ ಮೇಲೆ ಬಿಳಿ ಪೆನ್ನಿನಲ್ಲಿ ಬರೆದ ನಂಬರ್ 57. ಕಣ್ಣು ಒಣಗದ ಹಾಗೆ ಮುಲಾಮು ಹಚ್ಚಿದ್ದರು, ಅದು ಮಿನುಗುತ್ತಿತ್ತು.

ಮೂರೂವರೆ ಗಂಟೆಯಲ್ಲಿ ಆ ವಿಮಾನ 1,500 ಕಿ.ಮೀ. ದಾಟಿ ಜಾರ್ಜಿಯಾದ ಜೆಕಿಲ್ ದ್ವೀಪದ ಹತ್ತಿರ ಇಳಿಯಿತು. ಅಲ್ಲಿನ ಆಮೆ ಆಸ್ಪತ್ರೆಯವರು ಕಾಯುತ್ತಿದ್ದರು. ವಿಮಾನ ಪೈಲಟ್‌ನ ಸ್ವಂತದ್ದು. ಸಮಯವೂ ಅವರದ್ದೇ, ಒಂದು ಪೈಸೆ ಸಂಬಳವಿಲ್ಲ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಇವು ಕೆಂಪ್ಸ್ ರಿಡ್ಲಿ ಜಾತಿಯ ಮರಿಗಳು, ಎರಡರಿಂದ ನಾಲ್ಕು ವರ್ಷದವು. ಬೇಸಿಗೆಯಲ್ಲಿ ಏಡಿ ತಿನ್ನುತ್ತ ಉತ್ತರಕ್ಕೆ ಬರುತ್ತವೆ. ಚಳಿ ಶುರುವಾದಾಗ ದಕ್ಷಿಣಕ್ಕೆ ಹೊರಡುತ್ತವೆ. ಆದರೆ ಬಾಸ್ಟನ್ನಿನ ಆಗ್ನೇಯಕ್ಕೆ ಕಡಲೊಳಗೆ ಚಾಚಿದ ಕೇಪ್ ಕಾಡ್ ಅನ್ನುವ ಭೂಭಾಗವನ್ನು ಭೂಪಟದಲ್ಲಿ ನೋಡಿ, ಮಡಚಿದ ತೋಳಿನ ಹಾಗಿದೆ. ಆಮೆ ದಕ್ಷಿಣಕ್ಕೆ ಈಜಿದಷ್ಟೂ ಆ ಮಡಿಲಿನೊಳಗೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಬರಬೇಕಾದರೆ ಮೊದಲು ಉತ್ತರಕ್ಕೆ ಈಜಬೇಕು, ಅದು ಅದರ ಬುದ್ಧಿಗೆ ಹೊಳೆಯುವುದಿಲ್ಲ. ನೀರು 10 ಡಿಗ್ರಿಗಿಂತ ಕೆಳಗೆ ಇಳಿದರೆ ಮೈ ಮರಗಟ್ಟಿ ತೇಲುತ್ತದೆ, ಗಾಳಿ ದಡಕ್ಕೆ ತಂದು ಹಾಕುತ್ತದೆ. ನಾವು ಸ್ವಯಂಸೇವಕರು ನವೆಂಬರ್, ಡಿಸೆಂಬರ್‌ನಲ್ಲಿ ಭರತ ಇಳಿಯುವ ಹೊತ್ತಿಗೆ, ರಾತ್ರಿಯಾಗಲಿ ಹಗಲಾಗಲಿ, ದಡ ನಡೆಯುತ್ತೇವೆ.

ಇಲ್ಲಿ ಯಾರಾದರೂ ಇಂಥ ಕೆಲಸದಲ್ಲಿ ಇದ್ದೀರಾ? ಊರಿನ ಕಡೆ ಇಂಥದ್ದೇನಾದರೂ ಇದೆಯೇ?

ಕಾಸರಕೋಡ ಟೊಂಕ:

ಅಕ್ಕಾ, ನೀವು ನಮ್ಮೂರಿನವರೇ ಅಂತ ಓದಿ ಖುಷಿಯಾಯ್ತು. ನಮ್ಮ ದಡದಲ್ಲಿ ಮೊಟ್ಟೆಯಿಡಲು ಬರುವ ಆಮೆಯೂ ರಿಡ್ಲಿಯೇ ಅಲ್ಲವಾ? ಎರಡೂ ಒಂದೇನಾ?

ಇನ್ನೊಂದು ಸಂಶಯ. ಮೂರೂವರೆ ಗಂಟೆ ನೀರಿಲ್ಲದೆ ಪೆಟ್ಟಿಗೆಯಲ್ಲಿ ಹೇಗೆ ಇರುತ್ತದೆ?

ಶರಾವತಿ ದಡ:

ತಮ್ಮಾ, ದಾಯಾದಿಗಳು. ರಿಡ್ಲಿ ಅನ್ನುವ ಕುಲದಲ್ಲಿ ಇರುವುದೇ ಎರಡು. ನಮ್ಮ ಊರಿಗೆ ಬರುವುದು ಆಲಿವ್ ರಿಡ್ಲಿ, ಒಡಿಶಾದ ಗಹಿರ್‌ಮಠ, ಋಷಿಕುಲ್ಯದಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ದಡ ಹತ್ತುತ್ತದಲ್ಲ, ಅದೇ. ಅದು ಹಲವು ಸಮುದ್ರಗಳಲ್ಲಿದೆ. ಕೆಂಪ್ಸ್ ರಿಡ್ಲಿ ಮಾತ್ರ ಮೊಟ್ಟೆಯಿಡಲು ಹೆಚ್ಚುಕಡಿಮೆ ಮೆಕ್ಸಿಕೋ ಕೊಲ್ಲಿಯೊಂದನ್ನೇ ನಂಬಿಕೊಂಡಿದೆ. ಮೆಕ್ಸಿಕೋದ ರಾಂಚೊ ನುಯೆವೊ ದಡದಲ್ಲಿ 1947ರಲ್ಲಿ ಒಬ್ಬರು ಚಿತ್ರೀಕರಿಸಿದ ರೀಲಿನಲ್ಲಿ ಒಂದೇ ದಿನ ಅಂದಾಜು 40,000 ಹೆಣ್ಣಾಮೆಗಳು ಕಾಣುತ್ತವೆ. 1985ಕ್ಕೆ ಬಂದರೆ ಇಡೀ ವರ್ಷಕ್ಕೆ ಸಿಕ್ಕ ಗೂಡು ಏಳುನೂರರ ಆಸುಪಾಸು. ಮೊಟ್ಟೆ ಅಗೆದು ತಿಂದರು, ಸಿಗಡಿ ಬಲೆಗೆ ಸಿಕ್ಕಿ ಮುಳುಗಿ ಸತ್ತವು. ಆಮೇಲೆ ಮೆಕ್ಸಿಕೋ, ಅಮೆರಿಕ ಎರಡೂ ದೇಶದವರು ಸೇರಿ ಕಾಪಾಡಿ ಒಂದಿಷ್ಟು ಮೇಲೆ ತಂದಿದ್ದಾರೆ. ಹೆಣ್ಣು ಮೊಟ್ಟೆಯಿಡುವ ವಯಸ್ಸಿಗೆ ಬರಲು ಹತ್ತು ಹನ್ನೆರಡು ವರ್ಷವಾದರೂ ಬೇಕು. ಹಾಗಾಗಿ ಮೂರು ವರ್ಷ ಬದುಕಿ ಉಳಿದ ಒಂದು ಮರಿ ಅಂದರೆ ಅದೆಷ್ಟೋ ಗಂಡಾಂತರ ದಾಟಿ ಬಂದದ್ದು.

ನೀರಿನ ಬಗ್ಗೆ: ಆಮೆ ನಮ್ಮ ಹಾಗೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ, ಒಂದು ದಿನ ಒಣಗಿದ ಕಡೆ ಇದ್ದರೆ ತೊಂದರೆಯಿಲ್ಲ. ನಿಜ ಹೇಳಬೇಕೆಂದರೆ ನಿಶ್ಶಕ್ತಿಯ ಆಮೆಗೆ ನೀರೇ ಅಪಾಯ, ತಲೆ ಎತ್ತಲಾಗದೆ ಮುಳುಗಬಹುದು. ಚಿಪ್ಪು, ಕಣ್ಣು ಒಣಗದಂತೆ ನೋಡಿಕೊಂಡು ಕ್ಯಾಬಿನ್ ಬೆಚ್ಚಗಿಟ್ಟರೆ ಸಾಕು.

ಧಾರವಾಡದಾಂವ:

ನಿಮ್ಮ ಕಾಳಜಿ ಬಗ್ಗೆ ನನಗ ಎರಡು ಮಾತಿಲ್ರಿ. ಆದ್ರ ಒಂದ್ ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಒಂದ್ ಆಮಿಗೆ ಎಷ್ಟ್ ಎಣ್ಣಿ ಸುಡ್ತೀರಿ? ಹವಾ ಬಿಸಿ ಆಗಿ ಸಮುದ್ರ ಕೆಟ್ಟೈತಿ ಅಂತ ಎಲ್ಲಾರೂ ಹೇಳ್ತಾರ, ಮತ್ತ ಅದಕ್ಕ ಔಷಧ ಅಂತ ವಿಮಾನ ಹಾರಸ್ತಾರ. ವ್ಯಾನಿನ್ಯಾಗ ಒಯ್ಯಾಕ ಬರಂಗಿಲ್ಲೇನು? ನಮ್ಮ ಹಳ್ಳಿಯೊಳಗ ಹೆರಿಗಿ ನೋವು ಬಂದ ಹೆಣ್ಮಗಳಿಗೆ ಗಾಡಿ ಸಿಗೋದು ತ್ರಾಸ. ಅದನ್ನ ಕಣ್ಣಿಲೆ ನೋಡಿದಾಂವ ನಾನು, ಅದಕ್ಕ ಈ ಪ್ರಶ್ನೆ.

ಜಕ್ಕೂರ್ ರನ್‌ವೇ:

ಧಾರವಾಡದವರ ಪ್ರಶ್ನೆ ನ್ಯಾಯವಾದದ್ದು. ಶರಾವತಿ ಅವರು ಲೆಕ್ಕ ಕೊಡುವ ಮೊದಲು ನಾನು ಪೈಲಟ್ ಕಡೆಯ ಮಾತು ಹೇಳುತ್ತೇನೆ. ಜಕ್ಕೂರಿನ ಬೇಲಿ ಹೊರಗೆ ನಿಂತು ವಿಮಾನ ನೋಡುತ್ತ ಬೆಳೆದವನು ನಾನು. ಈಗ ಅಟ್ಲಾಂಟಾದಲ್ಲಿ ಕೆಲಸ. ಆರು ವರ್ಷದ ಹಿಂದೆ ಪ್ರೈವೇಟ್ ಲೈಸೆನ್ಸ್ ಸಿಕ್ಕಿತು. ನಾನು ಒಯ್ಯುವುದು ಆಮೆಯನ್ನಲ್ಲ, ನಾಯಿಗಳನ್ನು.

ಅಮೆರಿಕದ ದಕ್ಷಿಣ ರಾಜ್ಯಗಳ ಪ್ರಾಣಿ ಆಶ್ರಯಗಳು ಸದಾ ತುಂಬಿ ತುಳುಕುತ್ತವೆ. ಜಾಗವಿಲ್ಲದಿದ್ದರೆ ಆರೋಗ್ಯವಂತ ನಾಯಿಯನ್ನೂ ಚುಚ್ಚುಮದ್ದು ಕೊಟ್ಟು ಸಾಯಿಸುತ್ತಾರೆ. ಉತ್ತರದಲ್ಲಿ ಸಾಕಲು ಜನ ಕಾಯುತ್ತಿರುತ್ತಾರೆ. ನಡುವೆ ಸಾವಿರಾರು ಕಿ.ಮೀ. 2008ರಲ್ಲಿ ಡೆಬಿ ಬೋಯಿಸ್ ಅನ್ನುವ ಮಹಿಳೆ ಫ್ಲಾರಿಡಾದಿಂದ ಒಂದು ಡಾಬರ್‌ಮನ್ ನಾಯಿಯನ್ನು ದಕ್ಷಿಣ ಕ್ಯಾರೊಲೈನಾದ ತನ್ನ ಮನೆಗೆ ತರಿಸಿಕೊಳ್ಳಬೇಕಿತ್ತು. ಪೈಲಟ್ ಜಾನ್ ವೆಹ್ರೆನ್‌ಬರ್ಗ್ ನಾನು ಹಾರಿಸಿಕೊಂಡು ಬರುತ್ತೇನೆ ಅಂದರು. ಆ ಒಂದು ಹಾರಾಟದಿಂದ ಪೈಲಟ್ಸ್ ಎನ್ ಪಾಸ್ ಹುಟ್ಟಿತು. ಕ್ರಮ ಸರಳ: ಎಲ್ಲಿಂದ ಎಲ್ಲಿಗೆ, ಎಷ್ಟು ತೂಕದ ಪ್ರಾಣಿ ಅಂತ ಆಶ್ರಯದವರು ಬರೆಯುತ್ತಾರೆ, ದಾರಿಯಲ್ಲಿರುವ ಪೈಲಟ್‌ಗಳು ಒಂದೊಂದು ಹಂತ ಹಂಚಿಕೊಳ್ಳುತ್ತಾರೆ.

ನನ್ನದು ಬಾಡಿಗೆಯ ಸೆಸ್ನಾ 172. ನಾಲ್ಕು ಸೀಟು. ಗಂಟೆಗೆ ಎಂಟೊಂಬತ್ತು ಗ್ಯಾಲನ್, ಅಂದರೆ ಮೂವತ್ತು ಮೂವತ್ತೈದು ಲೀಟರ್ ಕುಡಿಯುತ್ತದೆ. ಅಟ್ಲಾಂಟಾದಿಂದ ಶಾರ್ಲೆಟ್ ಹತ್ತಿರ ಹೋಗಿ ಬರಲು ಇಂಧನಕ್ಕೇ ಇನ್ನೂರು ಡಾಲರ್ ಆಸುಪಾಸು. ಪ್ರೈವೇಟ್ ಲೈಸೆನ್ಸ್ ಇದ್ದವರು ದುಡ್ಡು ಪಡೆದು ಹಾರಿಸುವಂತಿಲ್ಲ, ಇಲ್ಲಿಯ ಕಾನೂನು ಕಡಾಖಂಡಿತ. ಆ ಖರ್ಚನ್ನು ದಾನ ಅಂತ ತೆರಿಗೆಯಲ್ಲಿ ತೋರಿಸಬಹುದು, ಅಷ್ಟೆ. ಧಾರವಾಡದ ಅಣ್ಣಾ, ನಾವು ಕೈ ಕುದುರಿಸಿಕೊಳ್ಳಲು ಹೇಗೂ ಪ್ರತಿ ತಿಂಗಳು ಹಾರಲೇಬೇಕು. ಹಾರದ ಪೈಲಟ್ ಅಪಾಯದ ಪೈಲಟ್. ಮೊದಲೆಲ್ಲ ನೂರು ಮೈಲಿ ಆಚೆ ಹೋಗಿ ಆಮ್ಲೆಟ್ ತಿಂದು ವಾಪಸ್ ಬರುತ್ತಿದ್ದೆ. ಅದೇ ಎಣ್ಣೆ, ಈಗ ಹಿಂದಿನ ಸೀಟಿನಲ್ಲಿ ಒಂದು ಜೀವ ಇರುತ್ತದೆ.

ಮೊದಲ ಸಲ ಒಯ್ದದ್ದು ಕಂದು ಬಣ್ಣದ ಒಂದು ಹೌಂಡ್, ಪಕ್ಕೆಲುಬು ಎಣಿಸಬಹುದಿತ್ತು. ಎಂಜಿನ್ ಶುರುವಾದಾಗ ಗಡಗಡ ನಡುಗಿತು. ಎರಡು ಸಾವಿರ ಅಡಿ ಏರುವಷ್ಟರಲ್ಲಿ ನಿದ್ದೆ. ಹೆಚ್ಚಿನ ನಾಯಿಗಳು ಹೀಗೇ, ಎಂಜಿನ್ನಿನ ಒಂದೇ ಸಮನೆಯ ಗುಂಯ್ ಸದ್ದಿಗೆ ಮಲಗಿಬಿಡುತ್ತವೆ. ಇಳಿದ ಮೇಲೆ ಬಾಗಿಲು ತೆಗೆದರೆ ಕೆಳಗಿಳಿಯದೆ ನನ್ನ ತೊಡೆಯ ಮೇಲೆ ಗದ್ದ ಊರಿ ಕೂತಿತು. ಹೊಸ ಮನೆಯವರು ಬಂದು ಕರೆದುಕೊಂಡು ಹೋಗುವ ತನಕ ನಾನೂ ಏಳಲಿಲ್ಲ.

ಶರಾವತಿ ದಡ:

ಧಾರವಾಡದ ಅಣ್ಣಾ, ಸಿಟ್ಟು ಯಾಕೆ ಬರುತ್ತದೆ. ಈ ಲೆಕ್ಕ ನಾನೂ ರಾತ್ರಿ ಕೂತು ಹಾಕಿದ್ದೇನೆ. ಪಿಲಾಟಸ್ ಗಂಟೆಗೆ ಸುಮಾರು 60 ಗ್ಯಾಲನ್ ಸುಡುತ್ತದೆ. ಮೂರೂವರೆ ಗಂಟೆಗೆ 210 ಗ್ಯಾಲನ್, ಹತ್ತಿರ ಹತ್ತಿರ 800 ಲೀಟರ್. ಹೋಗಿ ಬರುವುದಕ್ಕೆ 1,600. ಮೂವತ್ತನಾಲ್ಕು ಆಮೆಗೆ ಹಂಚಿದರೆ ಒಂದಕ್ಕೆ 47 ಲೀಟರ್. ಕಾರಿನ ಒಂದು ಫುಲ್ ಟ್ಯಾಂಕ್. ಕಡಿಮೆ ಅಂತ ನಾನು ಹೇಳುವುದಿಲ್ಲ. ಅಳಿವಿನಂಚಿನ ಒಂದು ಪ್ರಾಣಿಗೆ ಅಷ್ಟು ಕೊಡಬಹುದು ಅಂತ ನನ್ನ ಮನಸ್ಸು ಒಪ್ಪಿದೆ.

ವ್ಯಾನಿನಲ್ಲೂ ಒಯ್ಯುತ್ತೇವೆ. ಬಾಲ್ಟಿಮೋರ್, ನ್ಯೂಯಾರ್ಕ್ ಕಡೆಯ ಹತ್ತಿರದ ಆಸ್ಪತ್ರೆಗಳಿಗೆಲ್ಲ ರಸ್ತೆಯೇ. ಜಾರ್ಜಿಯಾ ಅಂದರೆ ಹದಿನೆಂಟು ಗಂಟೆಗೂ ಮೇಲೆ. ಈ ಮರಿಗಳಲ್ಲಿ ಎಷ್ಟಕ್ಕೋ ನ್ಯುಮೋನಿಯಾ ಇರುತ್ತದೆ. ಅಷ್ಟು ಹೊತ್ತು ಅಲುಗಾಡುವ ಪೆಟ್ಟಿಗೆಯಲ್ಲಿ ಕೂರಿಸಿದರೆ ಬದುಕಿದ್ದು ಸಾಯಬಹುದು.

ವಿಮಾನ ಯಾಕೆ ಬೇಕು ಅನ್ನುವುದಕ್ಕೆ ನನಗೆ ಕಂಡ ದೊಡ್ಡ ಕಾರಣ ಬೇರೆ. ನಾನೂ ಮೊದಲು ಅದನ್ನು ಗಮನಿಸಿರಲಿಲ್ಲ. ದಡದಲ್ಲಿ ಸಿಕ್ಕ ಆಮೆ ಮೊದಲು ಕೇಪ್ ಕಾಡ್‌ನಲ್ಲೇ ಇರುವ ವೆಲ್‌ಫ್ಲೀಟ್ ಅಭಯಧಾಮಕ್ಕೆ, ಅಲ್ಲಿಂದ ಕಾರಿನಲ್ಲಿ ಕ್ವಿನ್ಸಿಯಲ್ಲಿರುವ ನ್ಯೂ ಇಂಗ್ಲೆಂಡ್ ಅಕ್ವೇರಿಯಂನ ಆಮೆ ಆಸ್ಪತ್ರೆಗೆ. ಆಮೆಯ ಮೈಯನ್ನು ಒಮ್ಮೆಲೇ ಬಿಸಿ ಮಾಡುವಂತಿಲ್ಲ, ದಿನಕ್ಕೆ ಮೂರು ಡಿಗ್ರಿಯಷ್ಟೇ ಏರಿಸುತ್ತಾರೆ. ಆಮೇಲೆ ಗ್ಲೂಕೋಸು, ಆಂಟಿಬಯಾಟಿಕ್, ಎಕ್ಸ್‌ರೇ, ದಿನವೂ ಸ್ವಲ್ಪ ಸ್ವಲ್ಪ ಈಜಲು ಬಿಡುವುದು. ಪೂರ್ತಿ ಗುಣವಾಗಲು ತಿಂಗಳುಗಳು. ಕ್ವಿನ್ಸಿಯಲ್ಲಿ ತೊಟ್ಟಿ ಇರುವುದು ಇಷ್ಟೇ. ದಡದಲ್ಲಿ ಒಂದೇ ದಿನ ನೂರು ಆಮೆ ಬಿದ್ದದ್ದೂ ಇದೆ. 2014ರಲ್ಲಿ ಒಂದೇ ಋತುವಿನಲ್ಲಿ 1,200ಕ್ಕೂ ಹೆಚ್ಚು ಸಿಕ್ಕವು. ಆ ವರ್ಷ ತೊಟ್ಟಿ ಸಾಲದೆ, ಇಡಾಹೊದ ಲೆಸ್ಲಿ ವೈನ್‌ಸ್ಟೈನ್ ಅನ್ನುವವರು ಪರಿಚಯದ ಪೈಲಟ್‌ಗಳನ್ನೆಲ್ಲ ಕರೆದು ಸಾಗಿಸಲು ನಿಂತರು, ಟರ್ಟಲ್ಸ್ ಫ್ಲೈ ಟೂ ಅಂತ ಸಂಸ್ಥೆಯಾಯಿತು. ಒಂದು ವಿಮಾನ ಹೋದರೆ ಮೂವತ್ತನಾಲ್ಕು ತೊಟ್ಟಿ ಖಾಲಿ. ಆ ಖಾಲಿ ತೊಟ್ಟಿಗೆ ಬರುವ ಆಮೆ ಇನ್ನೂ ಕಡಲಲ್ಲಿ ತೇಲುತ್ತಿರುತ್ತದೆ. ನಂಬರ್ 57 ಶನಿವಾರ ಹಾರದಿದ್ದರೆ ಭಾನುವಾರ ರಾತ್ರಿ ನನಗೆ ಕೇಪ್ ಕಾಡ್‌ನ ಬ್ರೂಸ್ಟರ್ ದಡದಲ್ಲಿ ಸಿಕ್ಕಿದ್ದಕ್ಕೆ ಎಲ್ಲಿ ಜಾಗ?

ಆಂಬುಲೆನ್ಸ್ ವಿಷಯದಲ್ಲಿ ನನ್ನ ಬಳಿ ಉತ್ತರ ಇಲ್ಲ. ನನ್ನ ಚಿಕ್ಕಮ್ಮನ ಹೆರಿಗೆಗೆ ಗೇರುಸೊಪ್ಪೆಯಿಂದ ಲಾರಿಯಲ್ಲಿ ಕರೆತಂದದ್ದು ನನಗೆ ನೆನಪಿದೆ. ನಿಮ್ಮ ನೋವು ಅರ್ಥವಾಗುತ್ತದೆ.

ಹಾಸನದ ಪಶುವೈದ್ಯೆ:

ನಾನು ವೈದ್ಯಳಾಗಿ ಸ್ವಲ್ಪ ಬೇರೆ ಕೋನದಿಂದ ಹೇಳಬೇಕು. ಆಮೆ ಮತ್ತು ನಾಯಿಯನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಆಮೆಗೆ ಚಿಕಿತ್ಸೆ ಕೊಟ್ಟು ಬಿಟ್ಟರೆ ಅದು ಕಡಲಿಗೆ ಹೋಗಿ ತನ್ನ ವಂಶ ಬೆಳೆಸುತ್ತದೆ. ನಾಯಿ ಸಾಗಣೆ ಹಾಗಲ್ಲ. ದಕ್ಷಿಣದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯದಿದ್ದರೆ ಎಷ್ಟು ವಿಮಾನ ಹಾರಿಸಿದರೂ ಆಶ್ರಯಗಳು ಮತ್ತೆ ತುಂಬುತ್ತವೆ. ತೂತಾದ ದೋಣಿಯಿಂದ ನೀರು ಮೊಗೆದ ಹಾಗೆ. ಮೊಗೆಯಬೇಡಿ ಅನ್ನುತ್ತಿಲ್ಲ, ತೂತು ಮುಚ್ಚುವವರೂ ಜೊತೆಗೆ ಇರಲಿ. ಇನ್ನೊಂದು, ಹೃದಯದ ಹುಳ. ಸೊಳ್ಳೆಯಿಂದ ಹರಡುವ ಈ ರೋಗ ಅಮೆರಿಕದ ದಕ್ಷಿಣದಲ್ಲಿ ಜಾಸ್ತಿ. ಪರೀಕ್ಷೆ ಮಾಡದೆ ಉತ್ತರಕ್ಕೆ ಒಯ್ದರೆ ನಾಯಿಯ ಜೊತೆ ರೋಗವೂ ವಿಮಾನ ಹತ್ತುತ್ತದೆ. ಜಕ್ಕೂರಿನವರೇ, ಹತ್ತಿಸಿಕೊಳ್ಳುವ ಮುಂಚೆ ಆರೋಗ್ಯ ಪತ್ರ ನೋಡುತ್ತೀರಾ?

ಜಕ್ಕೂರ್ ರನ್‌ವೇ:

ನೋಡುತ್ತೇನೆ ಮೇಡಂ. ರಾಜ್ಯದ ಗಡಿ ದಾಟುವಾಗ ಪಶುವೈದ್ಯರ ಪ್ರಮಾಣಪತ್ರ, ರೇಬಿಸ್ ಲಸಿಕೆಯ ಚೀಟಿ ಕೈಗೆ ಬಂದ ಮೇಲೆಯೇ ಹತ್ತಿಸುವುದು. ತೂತಿನ ಮಾತು ಒಪ್ಪಿದೆ. ನಾವು ನಾಲ್ಕೈದು ಪೈಲಟ್‌ಗಳು ಈಗ ಒಂದು ಹಾರಾಟದ ಖರ್ಚಿನಷ್ಟೇ ಹಣವನ್ನು ಆಪರೇಷನ್ ಶಿಬಿರಕ್ಕೂ ಕೊಡುತ್ತೇವೆ ಅಂತ ಮಾತಾಡಿಕೊಂಡಿದ್ದೇವೆ.

ಧಾರವಾಡದಾಂವ:

ಖಾಲಿ ತೊಟ್ಟಿ ಮಾತು ತಲಿಯೊಳಗ ಕುಂತೈತ್ರಿ. ನಾನು ಒಂದ್ ಆಮಿ, ಒಂದ್ ವಿಮಾನ ಅಂತ ತಿಳ್ಕೊಂಡಿದ್ದೆ. ಎಣ್ಣಿ ಬಗ್ಗೆ ನನ್ನ ಸಂಶಯ ಪೂರಾ ಹೋಗಿಲ್ಲ, ಆದ್ರ ಲೆಕ್ಕಾ ಮುಚ್ಚಿಡದ ಹೇಳಿದ್ರಿ, ಅದು ಛಲೋ ಆತು.

ಒಂದ್ ಕೇಳೂದೈತಿ. ಇದು ಧೋಕಾದ ಕೆಲಸ ಅಲ್ಲೇನು? ಸಣ್ಣ ವಿಮಾನ, ಛಳಿಗಾಲ.

ಜಕ್ಕೂರ್ ರನ್‌ವೇ:

ಹೌದು. ಮುಚ್ಚುಮರೆ ಯಾಕೆ. 2024ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್‌ನಿಂದ ಮೂರು ನಾಯಿಗಳನ್ನು ಹೊತ್ತು ಹೊರಟ ಒಬ್ಬ ಸ್ವಯಂಸೇವಕ ಪೈಲಟ್‌ನ ವಿಮಾನ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟದಲ್ಲಿ ಬಿತ್ತು. ಅವರು ತೀರಿಕೊಂಡರು. ನಾಯಿಗಳಲ್ಲಿ ಎರಡು ಹಿಮದಲ್ಲಿ ಜೀವಂತ ಸಿಕ್ಕವು. ಅವರನ್ನು ನಾನು ಒಮ್ಮೆಯೂ ನೋಡಿದವನಲ್ಲ. ಆ ಸುದ್ದಿ ಓದಿದ ದಿನ ರಾತ್ರಿ ನನ್ನ ಹೆಂಡತಿ ಏನೂ ಮಾತಾಡಲಿಲ್ಲ, ಹಾರಾಟದ ಬ್ಯಾಗನ್ನು ಬಾಗಿಲ ಹತ್ತಿರದಿಂದ ಎತ್ತಿ ಕಪಾಟಿನೊಳಗೆ ಇಟ್ಟಳು. ಎರಡು ತಿಂಗಳು ನಾನೂ ತೆಗೆಯಲಿಲ್ಲ.

ಸೆಸ್ನಾ 172ಕ್ಕೆ ರೆಕ್ಕೆಯ ಮೇಲೆ ಕಟ್ಟಿದ ಮಂಜು ಕರಗಿಸುವ ವ್ಯವಸ್ಥೆ ಇಲ್ಲ. ಮೋಡದಲ್ಲಿ ತಾಪಮಾನ ಸೊನ್ನೆಯ ಸುತ್ತಮುತ್ತ ಇದ್ದರೆ ಹಾರುವ ಮಾತೇ ಇಲ್ಲ. ಕಷ್ಟ ಎಲ್ಲಿ ಅಂದರೆ, ಆ ಕಡೆ ಒಂದು ಮನೆಯವರು ಮಕ್ಕಳನ್ನು ಕರೆದುಕೊಂಡು ರನ್‌ವೇ ಹತ್ತಿರ ಬಂದು ನಿಂತಿರುತ್ತಾರೆ. ಈ ಕಡೆ ನಾಯಿ ಗೂಡಿನಲ್ಲಿದೆ. "ಇವತ್ತು ಆಗಲ್ಲ" ಅನ್ನುವುದಕ್ಕೆ ಗಂಟಲು ಕಟ್ಟುತ್ತದೆ. ಕಳೆದ ಫೆಬ್ರವರಿಯಲ್ಲಿ ಮೂರು ಸಲ ಹಾಗೆ ಹೇಳಿದೆ, ಮೂರನೇ ಸಲ ಒಬ್ಬರು ನನ್ನ ಮೇಲೆ ಕೂಗಾಡಿದರು. ನಾಲ್ಕನೇ ವಾರ ಆಕಾಶ ತಿಳಿಯಾಯಿತು, ನಾಯಿ ಮುಟ್ಟಿತು. ಹೊಸದಾಗಿ ಸೇರುವ ಪೈಲಟ್‌ಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ನಾಯಿ ಇನ್ನೊಂದು ವಾರ ಕಾಯಬಲ್ಲದು, ಆಗಲ್ಲ ಅನ್ನಲು ನಾಚಿಕೆಪಡಬೇಡಿ.

ಕಾಸರಕೋಡ ಟೊಂಕ:

ಓದಿ ಮನಸ್ಸು ಭಾರವಾಯ್ತು. ಅವರ ಮನೆಯವರಿಗೆ ದೇವರು ಶಕ್ತಿ ಕೊಡಲಿ.

ಅಕ್ಕ ಕೇಳಿದ್ದರಲ್ಲ, ಊರಿನ ಕಡೆ ಏನಿದೆ ಅಂತ. ನಮ್ಮಲ್ಲಿ ವಿಮಾನ ಇಲ್ಲ, ನಡೆಯುವ ಕಾಲಿದೆ. ಚಳಿಗಾಲದಲ್ಲಿ ಆಮೆ ಮೊಟ್ಟೆಯಿಡಲು ಬರುತ್ತದೆ, ಒಂದು ಗೂಡಿನಲ್ಲಿ ನೂರರ ಮೇಲೆ. ನನ್ನ ಅಜ್ಜನ ಕಾಲದಲ್ಲಿ ಮೊಟ್ಟೆ ತಿನ್ನುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಈಗ ಬೆಳಗಿನ ಜಾವ ಮರಳಿನ ಮೇಲೆ ಟ್ರ್ಯಾಕ್ಟರ್ ಚಕ್ರದ ಹಾಗೆ ಗುರುತು ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡುತ್ತೇವೆ. ಅವರು ಬಂದು ಬೇಲಿ ಕಟ್ಟುತ್ತಾರೆ, ನಾಯಿ ನರಿ ಅಗೆಯದ ಹಾಗೆ. ಐವತ್ತು ದಿನದ ಹೊತ್ತಿಗೆ ಮರಿ ಏಳುತ್ತವೆ. ದೊಡ್ಡವರು ಕೂರ್ಮಾವತಾರ ಅಂತ ಕೈ ಮುಗಿಯುತ್ತಾರೆ, ಬಲೆಗೆ ಬಂದರೆ ಬಲೆ ಕೊಯ್ದಾದರೂ ಬಿಡುತ್ತಾರೆ. ಹೋದ ವರ್ಷ ಒಂದರ ಮುಂಗಾಲಿಗೆ ಹಳೇ ನೈಲಾನ್ ಬಲೆ ಸುತ್ತಿ ಮೂಳೆ ಕಾಣುತ್ತಿತ್ತು. ಎಲ್ಲಿಗೆ ಒಯ್ಯುವುದು, ಯಾರಿಗೆ ತೋರಿಸುವುದು ಅಂತ ಹುಡುಕುವಷ್ಟರಲ್ಲಿ ದಿನ ಕಳೆಯಿತು. ಟೆಂಪೋದಲ್ಲಿ ಒದ್ದೆ ಗೋಣಿ ಹಾಸಿ ಕೂರಿಸಿದ್ದೆವು. ಉಳಿಯಲಿಲ್ಲ. ನಮಗೆ ವಿಮಾನಕ್ಕಿಂತ ಮೊದಲು ಆಮೆ ಕಾಲು ನೋಡಬಲ್ಲ ಒಬ್ಬ ಡಾಕ್ಟರ್ ಬೇಕು.

ಹಾಸನದ ಪಶುವೈದ್ಯೆ:

ನಿಮ್ಮ ಕೊನೆಯ ಸಾಲು ನನಗೆ ಹೇಳಿದಂತಿದೆ. ನಮ್ಮ ಕಾಲೇಜಿನ ಪಾಠದಲ್ಲಿ ದನ, ಎಮ್ಮೆ, ಕುರಿ, ಕೋಳಿ, ನಾಯಿ. ಕಡಲಾಮೆಯ ರಕ್ತ ಎಲ್ಲಿಂದ ತೆಗೆಯಬೇಕು ಅಂತ ನಾನು ಕಲಿತೇ ಇಲ್ಲ. ಶರಾವತಿ ಅವರೇ, ಅಲ್ಲಿಯ ಆಸ್ಪತ್ರೆಯವರು ಮೊದಲು ಏನು ನೋಡುತ್ತಾರೆ ಅಂತ ಗಮನಿಸಿದ್ದರೆ ಬರೆಯುತ್ತೀರಾ?

ಬೆಂಗಳೂರಿನ ಓದುಗ:

ನಡುವೆ ಒಂದು ವಿಷಯ ಸೇರಿಸುತ್ತೇನೆ. ವಿಮಾನದಲ್ಲಿ ಆಮೆ ಬಂದ ಉದಾಹರಣೆ ನಮ್ಮಲ್ಲೂ ಇದೆ. ಕಳ್ಳಸಾಗಣೆಯಾಗಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ಬೆಂಗಳೂರಿಗೆ ವಾಪಸ್ ತಂದರು. ಅದು ಪ್ರಯಾಣಿಕರ ವಿಮಾನ ಸಂಸ್ಥೆಯ ಮೂಲಕ ಆದದ್ದು, ಖಾಸಗಿ ಪೈಲಟ್ ಅಲ್ಲ. ನಮ್ಮಲ್ಲಿ ವನ್ಯಪ್ರಾಣಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಒಯ್ಯಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಉತ್ಸಾಹದಲ್ಲಿ ಯಾರೂ ಆಮೆಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಡಬೇಡಿ.

ಶರಾವತಿ ದಡ:

ಇಲ್ಲಿಯೂ ಅಷ್ಟೇ. ಸರ್ಕಾರದ ಒಪ್ಪಿಗೆ ಇಲ್ಲದೆ ಒಂದು ಆಮೆಯೂ ವಿಮಾನ ಹತ್ತುವುದಿಲ್ಲ. ದಡದಲ್ಲಿ ಸಿಕ್ಕರೆ ನಾವು ಮಾಡುವುದು ಇಷ್ಟು: ನೀರು ಮುಟ್ಟದ ಕಡೆಗೆ ಎತ್ತಿಡುವುದು, ಒಣ ಕಡಲಪಾಚಿ ಹೊದಿಸುವುದು, ತೇಲಿ ಬಂದ ಕಟ್ಟಿಗೆ ನೆಟ್ಟು ಗುರುತು ಮಾಡಿ ಫೋನ್ ಹಚ್ಚುವುದು. ಬಿಸಿ ಕಾರಿನೊಳಗೆ ಇಡಲೇಬಾರದು.

ಮೇಡಂ, ಮೊದಲು ನೋಡುವುದು ಕಣ್ಣು. ರೆಪ್ಪೆಯ ಅಂಚನ್ನು ಮೆಲ್ಲಗೆ ಮುಟ್ಟುತ್ತಾರೆ, ಮಿಸುಕುತ್ತದೆಯೇ ಅಂತ. ಆಮೇಲೆ ಕತ್ತು ಮತ್ತು ಭುಜದ ಸಂದಿನಲ್ಲಿ ಡಾಪ್ಲರ್, ಅಂದರೆ ರಕ್ತ ಹರಿಯುವ ಸದ್ದು ಕೇಳಿಸುವ ಸಾಧನ, ಇಟ್ಟು ಕಿವಿಗೊಡುತ್ತಾರೆ. ಮರಗಟ್ಟಿದ ಆಮೆಯ ಎದೆ ನಿಮಿಷಕ್ಕೆ ಒಂದೇ ಸಲ ಬಡಿಯುವುದೂ ಉಂಟು. ಪೂರ್ತಿ ಒಂದು ನಿಮಿಷ, ಎರಡು ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರುತ್ತೇವೆ. ಆಗ ಒಮ್ಮೆ, "ಧುಸ್" ಅಂತ ಒಂದು ಸದ್ದು. ಸತ್ತಿದೆ ಅಂತ ಬದಿಗಿಟ್ಟ ಆಮೆಗಳು ಎದ್ದದ್ದಿದೆ, ಅದಕ್ಕೇ ಸತ್ತಿದೆ ಅಂತ ತೀರ್ಮಾನಿಸಲು ನಮಗೆ ಅನುಮತಿಯೇ ಇಲ್ಲ. ಜೀವಂತ ಆಸ್ಪತ್ರೆ ಸೇರಿದವುಗಳಲ್ಲಿ ಹತ್ತಕ್ಕೆ ಎಂಟು ಉಳಿಯುತ್ತವೆ. ಇಲ್ಲಿಯ ವೈದ್ಯರನ್ನು ಮುಂದಿನ ವಾರ ಕೇಳುತ್ತೇನೆ, ನಿಮ್ಮ ಜೊತೆ ಒಂದು ವಿಡಿಯೊ ಮಾತುಕತೆಗೆ ಸಮಯ ಕೊಡುತ್ತಾರಾ ಅಂತ. ಟೊಂಕದ ತಮ್ಮನೂ ಬರಲಿ.

ಹಾಸನದ ಪಶುವೈದ್ಯೆ:

ಖಂಡಿತ. ಹೊತ್ತು ಎಷ್ಟೇ ಇರಲಿ, ನಾನು ಎದ್ದಿರುತ್ತೇನೆ.

ಕಾಸರಕೋಡ ಟೊಂಕ:

ನಾನೂ. ಆ ಆಮೆಯ ಕಾಲಿನ ಫೋಟೊ ಇದೆ, ತೋರಿಸಬಹುದಾ?

ಶರಾವತಿ ದಡ:

ತೋರಿಸು, ಅದನ್ನೇ ಮೊದಲು ತೋರಿಸು.

ಜೆಕಿಲ್‌ನಿಂದ ಸಂಜೆ ಸುದ್ದಿ ಬಂತು. ಮೂವತ್ತನಾಲ್ಕರಲ್ಲಿ ಮೂವತ್ತಮೂರು ತೊಟ್ಟಿಯಲ್ಲಿವೆ, ಒಂದು ಉಳಿಯಲಿಲ್ಲ. 57 ನಿನ್ನೆ ಮೊದಲ ಸಲ ಸ್ಕ್ವಿಡ್ ತುಂಡು ತಿಂದಿತಂತೆ. ಇಲ್ಲಿ ಮಧ್ಯಾಹ್ನದಿಂದ ವಾಯವ್ಯದ ಗಾಳಿ ಎದ್ದಿದೆ, ಬ್ರೂಸ್ಟರ್ ಕಡೆ ತಳ್ಳುವ ಗಾಳಿ. ನಾಳೆ ಬೆಳಗಿನ ಜಾವ 3:40ಕ್ಕೆ ಭರತ. ಟಾರ್ಚಿಗೆ ಹೊಸ ಸೆಲ್ ಹಾಕಿಟ್ಟಿದ್ದೇನೆ, ಈಗ ಮಲಗುತ್ತೇನೆ.